ಆರು ವೋಲ್ಟ್ ಎರಡಕ್ಕೆ ಇಳಿದಾಗ

ದಾವಣಗೆರೆಯಲ್ಲಿ ರಿವೈಂಡಿಂಗ್ ಅಂಗಡಿ ಇಟ್ಟ ಮೇಲೆ ಪಂಪ್‌ಸೆಟ್ ಮೋಟಾರುಗಳನ್ನು ಲೆಕ್ಕವಿಲ್ಲದಷ್ಟು ಸುತ್ತಿದ್ದೇನೆ. ಒಂದೇ ದಿಕ್ಕಿನ ಕರೆಂಟ್ ಕೊಡುವ ಡಿಸಿ ಜನರೇಟರುಗಳು ಬಂದದ್ದು ಬೆರಳೆಣಿಕೆಯಷ್ಟು. ನಿದ್ದೆ ಕೆಡಿಸಿದ್ದು ಮಾತ್ರ ಅವೇ.

ಒಮ್ಮೆ ಒಂದು ಕಾಲೇಜಿನ ಪ್ರಯೋಗಾಲಯದಿಂದ 3 ಕಿಲೋವಾಟ್, 220 ವೋಲ್ಟಿನ ಷಂಟ್ ಜನರೇಟರ್ ಬಂತು. ಧ್ರುವಗಳಿಗೆ ಸುತ್ತಿದ ಸುರುಳಿ (ಫೀಲ್ಡ್) ತಿರುಗುವ ಭಾಗಕ್ಕೆ (ಆರ್ಮೇಚರ್) ಸಮಾಂತರವಾಗಿ ಸೇರಿ, ಅದರಿಂದಲೇ ಕರೆಂಟ್ ಪಡೆಯುವ ಯಂತ್ರವೇ ಷಂಟ್. ಆರ್ಮೇಚರಿನ ಜೊತೆ ತಿರುಗುವ ಕಮ್ಯುಟೇಟರಿನ ತಾಮ್ರದ ಪಟ್ಟಿಗಳು ಸವೆದು, ನಡುವೆ ಕರೆಂಟ್ ತಡೆಯುವ ಮೈಕಾ ಮೇಲೆದ್ದು, ಅದರ ಮೇಲೆ ಒತ್ತಿ ಕರೆಂಟ್ ಹೊರತರುವ ಬ್ರಷ್ ಕುಣಿದು ಕಿಡಿ ಹಾರುತ್ತಿತ್ತು. ಲೇತಿನಲ್ಲಿ ತೆಳುವಾಗಿ ತಾಮ್ರ ತೆಗೆಸಿದೆ. ಹ್ಯಾಕ್ಸಾ ಬ್ಲೇಡಿನ ತುಂಡು ಹಿಡಿದು ಒಂದೊಂದು ಸಂದಿನ ಮೈಕಾವನ್ನೂ ತಾಮ್ರಕ್ಕಿಂತ ಮಿಲಿಮೀಟರಿನಷ್ಟು ಕೆಳಗೆ ಕೆರೆದೆ. ಬ್ರಷ್ಷುಗಳನ್ನು ಗ್ಲಾಸ್ ಪೇಪರಿನಲ್ಲಿ ಉಜ್ಜಿ ಕಮ್ಯುಟೇಟರಿನ ದುಂಡಿಗೆ ಕೂರಿಸಿದೆ. ಎಮರಿ ಪೇಪರ್ ಇಲ್ಲಿ ಕೂಡದು, ಅದರ ಹರಳುಗಳು ಬ್ರಷ್ಷಿಗೆ ಕಚ್ಚಿಕೊಂಡು ತಾಮ್ರವನ್ನು ಗೀರುತ್ತವೆ.

ಈ ಉಪಚಾರವೆಲ್ಲ ಏಕೆಂದರೆ, ಡಿಸಿ ಜನರೇಟರಿನ ಹೊಟ್ಟೆಯೊಳಗೆ ಹುಟ್ಟುವುದು ದಿಕ್ಕು ಬದಲಿಸುತ್ತಲೇ ಇರುವ ಎಸಿಯೇ. ಆರ್ಮೇಚರಿನ ಸುರುಳಿ ಉತ್ತರ ಧ್ರುವದಡಿ ಹಾದಾಗ ಒಂದು ದಿಕ್ಕು, ದಕ್ಷಿಣ ಧ್ರುವದಡಿ ಹಾದಾಗ ಎದುರು ದಿಕ್ಕು. ದಿಕ್ಕು ತಿರುಗುವ ಗಳಿಗೆಗೆ ಸರಿಯಾಗಿ ಸುರುಳಿಯ ತುದಿಗಳನ್ನು ಒಂದು ಬ್ರಷ್ಷಿನಿಂದ ಇನ್ನೊಂದಕ್ಕೆ ದಾಟಿಸಿ, ಹೊರಗಿನ ತಂತಿಗೆ ಒಂದೇ ದಿಕ್ಕಿನ ಕರೆಂಟ್ ಕೊಡುವುದು ಕಮ್ಯುಟೇಟರ್. (ಸೈಕಲ್ಲಿನ ಡೈನಮೊಗೆ ಕಮ್ಯುಟೇಟರ್ ಇಲ್ಲ. ಹೆಸರು ಡೈನಮೊ ಆದರೂ ಅದು ಕೊಡುವುದು ಎಸಿ.)

ಎಲ್ಲ ಜೋಡಿಸಿ ನಿಮಿಷಕ್ಕೆ 1500 ಸುತ್ತಿನಂತೆ ತಿರುಗಿಸಿದರೆ ವೋಲ್ಟ್‌ಮೀಟರಿನ ಮುಳ್ಳು ಕೂತಲ್ಲಿಂದ ಏಳಲೇ ಇಲ್ಲ.

“ಅಣ್ಣಾ, ಆರ್ಮೇಚರ್ ಹೋಗಿದೆ,” ಎಂದ ಹುಡುಗ. ನನಗೂ ಎದೆ ಧಸಕ್ಕೆಂದಿತು.

ಫೀಲ್ಡಿನ ತಂತಿ ಬಿಚ್ಚಿ, ಸಣ್ಣ ಮೀಟರ್ ಹಿಡಿದು ನೋಡಿದೆ. ಆರು ವೋಲ್ಟ್. ಆರ್ಮೇಚರ್ ಸರಿಯಿದೆ. ಯಂತ್ರ ನಿಂತ ಮೇಲೂ ಧ್ರುವಗಳ ಕಬ್ಬಿಣದಲ್ಲಿ ಒಂದಿಷ್ಟು ಕಾಂತತೆ ಉಳಿದಿರುತ್ತದೆ, ಈ ಆರು ವೋಲ್ಟ್ ಅದರದ್ದು. ಈ ಉಳಿಕೆಯನ್ನೇ ಬೀಜವಾಗಿಟ್ಟುಕೊಂಡು ಯಂತ್ರ ತನ್ನ ಫೀಲ್ಡಿಗೆ ತಾನೇ ಉಣಿಸಬಲ್ಲದು ಎಂದು 1867ರಲ್ಲಿ ಜರ್ಮನಿಯಲ್ಲಿ ವೆರ್ನರ್ ಸೀಮೆನ್ಸ್, ಇಂಗ್ಲೆಂಡಿನಲ್ಲಿ ಚಾರ್ಲ್ಸ್ ವೀಟ್‌ಸ್ಟೋನ್ ಬೇರೆ ಬೇರೆಯಾಗಿಯೇ ಸಾರಿದರು.

ಮೀಟರ್ ತೆಗೆಯದೆ ಫೀಲ್ಡನ್ನು ಮತ್ತೆ ಸೇರಿಸಿದೆ. ಆರು ಇದ್ದದ್ದು ಎರಡಕ್ಕೆ ಇಳಿಯಿತು. ರೋಗ ಸಿಕ್ಕಿಬಿತ್ತು: ಫೀಲ್ಡಿನ ಕರೆಂಟ್ ಉಳಿಕೆ ಕಾಂತತೆಗೆ ಒತ್ತಾಸೆಯಾಗುವ ಬದಲು ಅದನ್ನೇ ಕೊಲ್ಲುತ್ತಿದೆ. ಬಿಚ್ಚುವಾಗ ಗುರುತು ಹಾಕದೆ ಫೀಲ್ಡಿನ ಎರಡು ತುದಿಗಳನ್ನು ಅದಲುಬದಲು ಕಟ್ಟಿದವನು ನಾನೇ. ಯಂತ್ರ ನಿಲ್ಲಿಸಿ, ತುದಿ ಬದಲಿಸಿ, ಸಣ್ಣ ಮೀಟರ್ ತೆಗೆದು ಮತ್ತೆ ಓಡಿಸಿದೆ. ಮುಳ್ಳು ಹತ್ತರ ಬಳಿ ತಡವರಿಸಿತು, ನಲವತ್ತು ದಾಟಿದ ಮೇಲೆ ಓಡಿತು, ಇನ್ನೂರರ ಹತ್ತಿರ ಕಬ್ಬಿಣ ಕಾಂತತೆಯಿಂದ ತುಂಬಿ ಬಂದಂತೆ ನಿಧಾನವಾಗಿ 225ಕ್ಕೆ ನಿಂತಿತು. ಹುಡುಗ ಚಪ್ಪಾಳೆ ತಟ್ಟಿದ. ನಾನು ತಟ್ಟಲಿಲ್ಲ.

ಫೀಲ್ಡಿನ ಕರೆಂಟ್ ಹೊಂದಿಸುವ ರೆಗ್ಯುಲೇಟರಿನ ಪ್ರತಿರೋಧ ಮಿತಿ ಮೀರಿದ್ದರೂ, ವೇಗ ಸಾಲದಿದ್ದರೂ ಷಂಟ್ ಯಂತ್ರ ಹೀಗೆಯೇ ಏಳುವುದಿಲ್ಲ. ಉಳಿಕೆ ಪೂರ್ತಿ ಅಳಿದಿದ್ದರೆ, ಆರ್ಮೇಚರಿನಿಂದ ಫೀಲ್ಡ್ ಬೇರ್ಪಡಿಸಿ ಬ್ಯಾಟರಿಯಿಂದ ಕೆಲವು ಸೆಕೆಂಡು ಕರೆಂಟ್ ಹರಿಸಬೇಕು. ತಂತಿ ಬಿಡಿಸುವಾಗ ಎಚ್ಚರ, ಹನ್ನೆರಡು ವೋಲ್ಟಿನ ಬ್ಯಾಟರಿಯೇ ಆದರೂ ಫೀಲ್ಡ್ ಸುರುಳಿ ಒದೆಯುವ ಒದೆ ಮೊಣಕೈವರೆಗೆ ಏರುತ್ತದೆ.

ಷಂಟ್ ಯಂತ್ರದ ಮೇಲೆ ಲೋಡ್ ಹೆಚ್ಚಿದಂತೆ ವೋಲ್ಟೇಜ್ ಇಳಿಯುತ್ತದೆ. ನೇರ ಶಾರ್ಟ್ ಆದರೆ ಫೀಲ್ಡಿಗೆ ಅನ್ನವೇ ಸಿಗದೆ ತಾನಾಗಿ ಸುಮ್ಮನಾಗುತ್ತದೆ. ಹೊರಗಿನ ಮೂಲದಿಂದ ಫೀಲ್ಡಿಗೆ ಕರೆಂಟ್ ಪಡೆಯುವ ಯಂತ್ರಕ್ಕೆ ಆ ಹಸಿವಿಲ್ಲ, ಆದ್ದರಿಂದ ಶಾರ್ಟ್ ಆದರೆ ಅದು ಸುಡುವವರೆಗೂ ದುಡಿಯುತ್ತದೆ. ಸೀರೀಸ್ ಯಂತ್ರದಲ್ಲಿ ಲೋಡಿನ ಕರೆಂಟೇ ಫೀಲ್ಡಿನಲ್ಲೂ ಹರಿಯುವುದರಿಂದ ಲೋಡ್ ಇಲ್ಲದೆ ವೋಲ್ಟೇಜೂ ಇಲ್ಲ. ಅದನ್ನು ನಾನು ರಿಪೇರಿಗೆ ಕಂಡೇ ಇಲ್ಲ.

ಕಾಂಪೌಂಡ್ ಯಂತ್ರದಲ್ಲಿ ಷಂಟ್, ಸೀರೀಸ್ ಎರಡೂ ಸುರುಳಿಗಳಿವೆ. ಸೀರೀಸ್ ಸುರುಳಿ ಷಂಟಿಗೆ ನೆರವಾದರೆ ಲೋಡ್ ಏರಿದರೂ ವೋಲ್ಟೇಜ್ ಹೆಚ್ಚು ಬೀಳುವುದಿಲ್ಲ. ಎದುರಾದರೆ ದಡಕ್ಕನೆ ಬೀಳುತ್ತದೆ. ಅದು ದೋಷವಲ್ಲ, ವೆಲ್ಡಿಂಗಿಗೆ ಬೇಕಾದ ಗುಣವೇ ಅದು. ರಾಡ್ ಕಬ್ಬಿಣಕ್ಕೆ ತಾಗಿದಾಗ ಕರೆಂಟ್ ಮಿತಿ ಮೀರಬಾರದು.

ಕಳೆದ ವರ್ಷ ಒಬ್ಬರು ಅಂಥದೊಂದು ವೆಲ್ಡಿಂಗ್ ಸೆಟ್ ತಂದರು. ರಾಡ್ ತಾಗಿಸಿದರೆ ಡೀಸೆಲ್ ಎಂಜಿನ್ ನರಳುತ್ತಿತ್ತು, ತಗಡು ತೂತಾಗುತ್ತಿತ್ತು. ಹಿಂದೆ ಬಿಚ್ಚಿದವರು ಯಾರೋ ಸೀರೀಸ್ ಸುರುಳಿಯನ್ನು ನೆರವಾಗುವಂತೆ ಕಟ್ಟಿಬಿಟ್ಟಿದ್ದರು. ತುದಿಗಳನ್ನು ಬದಲಿಸಿದೆ, ಹತ್ತು ನಿಮಿಷದ ಕೆಲಸ.

“ಎರಡು ತಂತಿ ಅದಲುಬದಲು ಮಾಡಿದ್ದಕ್ಕೆ ಇಷ್ಟು ದುಡ್ಡೇ?” ಎಂದರು. ಕಾಲೇಜಿನ ಯಂತ್ರ ನೆನಪಾಗಿ, ಚೌಕಾಸಿ ಮಾಡದೆ ಅವರು ಕೊಟ್ಟಷ್ಟು ತೆಗೆದುಕೊಂಡೆ.