ಯಕ್ಷಗಾನದ ಮೈಕಿಗೊಂದು ಹೈಪಾಸ್ ಫಿಲ್ಟರ್

ಮುಂಬಯಿಯಲ್ಲಿ, ಮಾಟುಂಗಾದ ಕಡೆ ನಮ್ಮವರ ಯಕ್ಷಗಾನ ಇದ್ದರೆ ಮೈಕ್ ನೋಡಿಕೊಳ್ಳುವವನು ನಾನೇ. ಹಲಗೆಯ ರಂಗಸ್ಥಳ. ವೇಷಧಾರಿ ಧೀಂಗಿಣ (ಸುತ್ತುತ್ತಾ ಹಾರುವ ಕುಣಿತ) ಹಾಕಿದರೆ ಸಾಕು, ಆ ಅದುರು ಮೈಕ್ ಸ್ಟ್ಯಾಂಡ್ ಹತ್ತಿ ಸ್ಪೀಕರ್‌ನಲ್ಲಿ ಧಬಧಬ ಅನ್ನುತ್ತದೆ. "ನನ್ನ ಪದವೇ ಮುಳುಗ್ತದೆ ಮಾರಾಯಾ" ಎಂದು ಭಾಗವತರು ರೇಗುತ್ತಿದ್ದರು. ನಮ್ಮ ಹಳೇ ಮಿಕ್ಸರ್‌ನಲ್ಲಿ ಇಂಥ ತಗ್ಗು ಸದ್ದನ್ನು ಕತ್ತರಿಸುವ ಲೋ ಕಟ್ ಬಟನ್ ಇಲ್ಲ. ಹಾಗಾಗಿ ಅದೇ ಕೆಲಸ ಮಾಡುವ, ಅಂದರೆ ತಗ್ಗು ಸದ್ದು ತಡೆದು ಮೇಲಿನದನ್ನು ಬಿಡುವ ಹೈಪಾಸ್ ಫಿಲ್ಟರ್ ಒಂದನ್ನು ನಾನೇ ಕಟ್ಟಿದೆ.

ಸರ್ಕ್ಯೂಟ್ ಹೊಸದೇನಲ್ಲ. ಎಂಐಟಿಯ ಲಿಂಕನ್ ಲ್ಯಾಬೊರೇಟರಿಯ ಸ್ಯಾಲೆನ್ ಮತ್ತು ಕೀ 1955ರಲ್ಲಿ ಪ್ರಕಟಿಸಿದ್ದು. ಸಿಗ್ನಲ್‌ನ ದಾರಿಯಲ್ಲಿ ಒಂದರ ಹಿಂದೊಂದು 0.1 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್, ಅಲ್ಲಿಂದ ಆಪ್‌ಆಂಪ್‌ನ (ಆಂಪ್ಲಿಫೈಯರ್ ಐಸಿ) ಪ್ಲಸ್ ಇನ್‌ಪುಟ್. ಕೆಪಾಸಿಟರ್‌ಗಳ ನಡುವಿನಿಂದ ಔಟ್‌ಪುಟ್‌ಗೆ 15ಕೆ (ಕಿಲೋ ಓಮ್) ರೆಸಿಸ್ಟರ್. ಪ್ಲಸ್ ಇನ್‌ಪುಟ್‌ನಿಂದ ಗ್ರೌಂಡ್‌ಗೆ 30ಕೆ. ಮೈನಸ್ ಇನ್‌ಪುಟ್ ನೇರವಾಗಿ ಔಟ್‌ಪುಟ್‌ಗೆ. ಆಪ್‌ಆಂಪ್ ಟಿಎಲ್072, ಎರಡು 9 ವೋಲ್ಟ್ ಬ್ಯಾಟರಿ. 30ಕೆ ಹುಡುಕುತ್ತಾ ಕೂರಬೇಡಿ, ಎರಡು 15ಕೆ ಸೀರೀಸ್‌ನಲ್ಲಿ ಹಾಕಿ. ಗ್ರೌಂಡ್‌ಗೆ ಹೋಗುವ ರೆಸಿಸ್ಟರ್ ಇನ್ನೊಂದರ ಎರಡರಷ್ಟಿದ್ದರೆ ಬಟರ್‌ವರ್ತ್ ರೆಸ್ಪಾನ್ಸ್, ಅಂದರೆ ಕಟ್‌ಆಫ್‌ನ ಮೇಲೆ ಉಬ್ಬುತಗ್ಗಿಲ್ಲದ ಸಮ ಮಟ್ಟ, ಸಿಗುತ್ತದೆ. ಕಟ್‌ಆಫ್ (ಇಳಿತ ಶುರುವಾಗುವ ಜಾಗ) 75 ಹರ್ಟ್ಸ್, ಅದರ ಕೆಳಗೆ ಆಕ್ಟೇವ್‌ಗೆ, ಅಂದರೆ ಹರ್ಟ್ಸ್ ಅರ್ಧವಾದಾಗಲೆಲ್ಲ, 12 ಡೆಸಿಬಲ್ ಇಳಿತ. ಭಾಗವತರ ಏರು ಶ್ರುತಿಗೆ ಇದು ತಾಗುವುದೇ ಇಲ್ಲ.

ಸಾಮಾನೆಲ್ಲ ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಸಿಗುತ್ತದೆ. "ಪಾಯಿಂಟ್ ಒನ್" ಎಂದರೆ ಮೊದಲು ಕೈಗೆ ಬರುವುದು ಸೆರಾಮಿಕ್ ಡಿಸ್ಕ್. ಬೇಡ. ಕೆಪಾಸಿಟರ್‌ನ ಮೈಮೇಲೆ ಬರೆದ 104ರ (ಅಂದರೆ 0.1 ಮೈಕ್ರೋಫ್ಯಾರಡ್) ಪಕ್ಕದ ಅಕ್ಷರ ನೋಡಿ. 'ಝಡ್' ಇದ್ದರೆ ನಿಜವಾದ ಮೈಕ್ರೋಫ್ಯಾರಡ್ ಶೇಕಡಾ 20 ಕಡಿಮೆಯೂ ಇರಬಹುದು, 80 ಜಾಸ್ತಿಯೂ ಇರಬಹುದು. ಅಂಥದ್ದನ್ನು ಹಾಕಿದರೆ 75 ಹರ್ಟ್ಸ್ ಲೆಕ್ಕ ಸುಮ್ನೆ ಕಾಗದದ ಮೇಲೆ, ಅಲ್ವಾ? 'ಜೆ' ಅಂದರೆ ಹೆಚ್ಚುಕಡಿಮೆ 5 ಶೇಕಡಾ ಮಾತ್ರ. ಪಾಲಿಯೆಸ್ಟರ್ ಬಾಕ್ಸ್ ಕೆಪಾಸಿಟರ್ ಕೇಳಿ ತೆಗೆದುಕೊಳ್ಳಿ, ನಾಲ್ಕು ಕಾಸು ಜಾಸ್ತಿಯಾದರೂ ಪರವಾಗಿಲ್ಲ.

ಪರೀಕ್ಷೆಗೆ ಫೋನಿನ ಟೋನ್ ಜನರೇಟರ್ ಆ್ಯಪ್ ಮತ್ತು ಔಟ್‌ಪುಟ್ ಅಳೆಯಲು ಮಲ್ಟಿಮೀಟರ್ ಸಾಕು. 500 ಹರ್ಟ್ಸ್‌ನಲ್ಲಿ ಬಂದ ವೋಲ್ಟೇಜ್ 75ರಲ್ಲಿ ಶೇಕಡಾ 70ಕ್ಕೆ, 37ರ ಹತ್ತಿರ ಕಾಲು ಭಾಗಕ್ಕೆ ಇಳಿಯಬೇಕು. ತೀರಾ ಅಗ್ಗದ ಮೀಟರ್‌ಗಳ ಎಸಿ ರೇಂಜ್ 200 ವೋಲ್ಟ್‌ನಿಂದ ಶುರು. ಅದರಲ್ಲಿ ಇಷ್ಟು ಸಣ್ಣ ವೋಲ್ಟೇಜ್ ಕಾಣುವುದಿಲ್ಲ.

ಮೈಕಿಗೆ ನೇರವಾಗಿ ಜೋಡಿಸಬೇಡಿ. ನಾನು ಮಿಕ್ಸರ್‌ನ ಇನ್ಸರ್ಟ್ ಜಾಕ್‌ನಲ್ಲಿ (ಸಿಗ್ನಲ್ ಹೊರಗೆ ತಂದು ಮತ್ತೆ ಒಳಗೆ ಕಳಿಸುವ ಜಾಗ) ಹಾಕಿದ್ದೇನೆ. ಕರೆಂಟಿನ ಗುಂಯ್ ಸದ್ದು ಇದರಿಂದ ಪೂರ್ತಿ ಹೋಗುವುದಿಲ್ಲ. 50 ಹರ್ಟ್ಸ್ ಅರ್ಧಕ್ಕಿಂತ ಕೆಳಗಿಳಿದರೂ 100, 150 ಹಾಗೇ ದಾಟಿಬಿಡುತ್ತವೆ. ಅದಕ್ಕೆ ಅರ್ಥಿಂಗ್ ಸರಿಮಾಡಬೇಕು. ಮದ್ದಳೆಯ ಮೈಕಿಗೆ ಮಾತ್ರ ನಾನು ಈ ಫಿಲ್ಟರ್ ಹಾಕುವುದಿಲ್ಲ. ಅದರ ತೂಕವೇ ಕೆಳಗಿನ ನಾದದಲ್ಲಿದೆ. ಆ ಮೈಕ್ ಸ್ಟ್ಯಾಂಡ್‌ನ ಅಡಿಗೆ ದಪ್ಪ ಫೋಮ್ ಇಡುತ್ತೇನೆ.