ಮುಧೋಳ ನಾಯಿ ತರೋ ಮುಂಚೆ ಒಂದ್ನಿಮಿಷ

ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಬೇಟೆ ನಾಯಿ ಹೊಂದುತ್ತಾ ಅಂತ ಕೇಳೋರು ಜಾಸ್ತಿ ಆಗಿದ್ದಾರೆ. ಹೊಂದುತ್ತೆ, ಆದ್ರೆ ಯಾವ ಥರದ ಬೇಟೆ ನಾಯಿ ಅನ್ನೋದು ಮುಖ್ಯ. ಬೀಗಲ್ ಮೂಗಿನ ಹಿಂದೆ ಹೋಗೋದು. ವಾಸನೆ ಸಿಕ್ಕಿದರೆ ನಿಮ್ಮ ಕೂಗು ಅದಕ್ಕೆ ಕೇಳಿಸಲ್ಲ, ಊಳಿಟ್ಟರೆ ಪಕ್ಕದ ಮನೆಯವರು ಬಾಗಿಲು ತಟ್ಟೋದು ಗ್ಯಾರಂಟಿ. ಲ್ಯಾಬ್ರಡಾರ್ ಮಕ್ಕಳಿರೋ ಮನೆಗೆ ಸಲೀಸು, ತೂಕದ ಮೇಲೆ ಕಣ್ಣಿರಲಿ.

ನನ್ನ ಮತ ನಮ್ಮ ಬಾಗಲಕೋಟೆ ಕಡೆಯ ಮುಧೋಳಕ್ಕೆ. 2005ರಲ್ಲಿ ಅಂಚೆಚೀಟಿ ಮೇಲೂ ಬಂದ ತಳಿ. ಇದು ಕಣ್ಣಿನಿಂದ ಬೇಟೆಯಾಡೋ ನಾಯಿ. ಮನೆಯೊಳಗೆ ಸೋಫಾ ಬಿಟ್ಟು ಏಳಲ್ಲ, ಬೊಗಳೋದೂ ಕಮ್ಮಿ. ಅಳಿಲೋ ಬೆಕ್ಕೋ ಓಡಿತು ಅನ್ನಿ, ಮುಗೀತು! ಹಾಗಾಗಿ ರಸ್ತೆಯಲ್ಲಿ ಬೆಲ್ಟ್ ಬಿಚ್ಚಲೇಬೇಡಿ. ತಲೆ ಸಪೂರ ಇರೋದ್ರಿಂದ ಸಾದಾ ಕಾಲರ್ ಹಿಂದಕ್ಕೆ ಜಗ್ಗಿದರೆ ಕಿವಿ ದಾಟಿ ಕಳಚಿಬರುತ್ತೆ. ಎಳೆದಾಗ ಬಿಗಿಯಾಗೋ ಮಾರ್ಟಿಂಗೇಲ್ ಕಾಲರ್ ತಗೊಳ್ಳಿ. ಮೈಮೇಲೆ ಕೊಬ್ಬಿಲ್ಲ, ಬರೀ ಟೈಲ್ಸ್ ಮೇಲೆ ಮಲಗಿಸಿದರೆ ಮೊಣಕೈ ಕಾಯಿಗಟ್ಟುತ್ತೆ, ದಪ್ಪ ಹಾಸಿಗೆ ಬೇಕು. ದಿನಾ ಸುತ್ತುಗೋಡೆ ಇರೋ ಜಾಗದಲ್ಲಿ ಓಡೋಕೆ ಬಿಡಿ. ಹೆದರಿಸಿ ಕಲಿಸೋಕೆ ಹೋದರೆ ಮುದುರಿಕೊಳ್ಳುತ್ತೆ.

ಮರಿ ಆರಿಸುವಾಗ ತಾಯಿನ ನೋಡಿ, ಅಪರಿಚಿತರ ಹತ್ರ ಹೇಗಿದೆ ಅಂತ. ಮುಧೋಳದ ತಿಮ್ಮಾಪುರದಲ್ಲಿ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಅಲ್ಲಿ ವಿಚಾರಿಸಿ. ಮತ್ತೆ, ನಿಜವಾದ ಬೇಟೆಯ ಆಸೆ ಇರೋರು ಬಿಟ್ಬಿಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮೊಲ ಹಿಡಿಸಿದರೂ ಕೇಸೇ.