ಕಾಗಕ್ಕ ಗುಬ್ಬಕ್ಕನ ಕಥೆಗೆ 25 ನಿಮಿಷ

ನಾನು ಬೆಂಗಳೂರಿನಲ್ಲಿ ಒಂದು ಸುದ್ದಿ ವೆಬ್‌ಸೈಟಿನ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಎಲ್ಲವೂ ನಿಮಿಷದ ಲೆಕ್ಕ. ಬೇರೆಯವರಿಗಿಂತ ಮೊದಲು ನಮ್ಮ ನೋಟಿಫಿಕೇಶನ್ ಹೋಗಬೇಕು. ಎರಡು ವರ್ಷದ ಹಿಂದೆ ಒಂದು ಸಂಜೆ, ಬದುಕಿದ್ದ ಹಿರಿಯರೊಬ್ಬರ ಸಾವಿನ ಸುದ್ದಿಯನ್ನು ನಾನೇ ಹಾಕಿದೆ. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ಹನ್ನೊಂದು ನಿಮಿಷದಲ್ಲಿ ತೆಗೆದೆವು, ಅಷ್ಟರಲ್ಲಿ ಅದು ವಾಟ್ಸಾಪಿನಲ್ಲಿ ಸುತ್ತಾಡಿ ಅವರ ಮನೆಯವರಿಗೇ ತಲುಪಿತ್ತು. ಅವರ ಮಗಳು ಫೋನ್ ಮಾಡಿದರು. ಬೈಯಲಿಲ್ಲ. "ಅಪ್ಪ ಇಲ್ಲೇ ಊಟಕ್ಕೆ ಕೂತಿದ್ದಾರೆ" ಅಂದರು, ಅಷ್ಟೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಗೆಳತಿಯೊಬ್ಬಳು ಕಾರ್ಲ್ ಆನರೇ ಅವರ ಭಾಷಣ ಕೇಳು ಅಂತ ಕಳಿಸಿದಳು. ಆನರೇ ನಮ್ಮ ಕಸುಬಿನವರೇ, ಪತ್ರಕರ್ತರು. ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ, ಬೆಳೆದದ್ದು ಕೆನಡಾದಲ್ಲಿ, ನೆಲೆಸಿದ್ದು ಲಂಡನ್ನಿನಲ್ಲಿ. 2004ರಲ್ಲಿ 'ಇನ್ ಪ್ರೈಸ್ ಆಫ್ ಸ್ಲೋ', ಅಂದರೆ ನಿಧಾನದ ಗುಣಗಾನ, ಅನ್ನುವ ಪುಸ್ತಕ ಬರೆದರು. ಮರುವರ್ಷ ಆಕ್ಸ್‌ಫರ್ಡಿನಲ್ಲಿ ಅದೇ ವಿಷಯ ಮಾತಾಡಿದರು, ಗೆಳತಿ ಕಳಿಸಿದ್ದು ಆ ಭಾಷಣ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು ಹೇಳಿದ ಒಂದು ಪ್ರಸಂಗ. ರೋಮ್‌ನ ವಿಮಾನ ನಿಲ್ದಾಣದಲ್ಲಿ ಪೇಪರ್ ತಿರುವಿ ಹಾಕುವಾಗ, ಒಂದೇ ನಿಮಿಷದಲ್ಲಿ ಮಕ್ಕಳಿಗೆ ಓದಿ ಮುಗಿಸಬಹುದಾದ ಕಥೆಗಳ ಪುಸ್ತಕದ ಸುದ್ದಿ ಅವರ ಕಣ್ಣಿಗೆ ಬಿತ್ತು. ಮೊದಲು ಬಂದ ಯೋಚನೆ, ತಕ್ಷಣ ತರಿಸಬೇಕು ಅಂತ. ಯಾಕೆಂದರೆ ರಾತ್ರಿ ಮಗನಿಗೆ ಓದುವಾಗ ಅವರು ಸಾಲು, ಪ್ಯಾರಾ, ಪುಟ ಹಾರಿಸುತ್ತಿದ್ದರು. ಅವರ ಸ್ನೋ ವೈಟ್ ಕಥೆಯಲ್ಲಿ ಏಳು ಕುಳ್ಳರ ಬದಲು ಮೂವರೇ ಉಳಿದಿದ್ದರು! ಆಮೇಲೆ ಅವರಿಗೇ ದಿಗಿಲಾಯಿತು, ಮಗನ ಜೊತೆಗಿನ ಹೊತ್ತನ್ನೂ ಕತ್ತರಿಸುತ್ತಿದ್ದೇನಲ್ಲ ಅಂತ.

ನಾನೂ ಅದನ್ನೇ ಮಾಡುತ್ತಿದ್ದೆ. ನನ್ನ ಮಗಳಿಗೆ ಆಗ ಆರು ವರ್ಷ. ಒಂದು ಕೈಯಲ್ಲಿ ಫೋನ್ ಹಿಡಿದೇ ಅವಳಿಗೆ ಕಥೆ ಹೇಳುತ್ತಿದ್ದೆ. ಆಫೀಸನ್ನು ಸರಿ ಮಾಡುವುದು ನನ್ನ ಕೈಲಿ ಇರಲಿಲ್ಲ. ಆದರೆ ಮನೆಯ ಈ ಅರ್ಧ ಗಂಟೆ ನನ್ನದೇ ಅಲ್ವಾ? ಅಲ್ಲಿಂದ ಶುರು ಮಾಡಿದೆ.

ಮಾಡಿದ್ದು ಇಷ್ಟೇ. ರಾತ್ರಿ ಎಂಟೂಮುಕ್ಕಾಲಿಗೆ ಫೋನನ್ನು ಅಡುಗೆಮನೆಯ ಫ್ರಿಜ್ ಮೇಲೆ ಇಟ್ಟು ರೂಮಿನ ಬಾಗಿಲು ಹಾಕಿಕೊಳ್ಳುವುದು. ಅರ್ಜೆಂಟ್ ಇದ್ದರೆ ಮನೆಯವರ ಫೋನಿಗೆ ಮಾಡಿ ಅಂತ ಡೆಸ್ಕಿಗೆ ಹೇಳಿದೆ. ಮೊದಲ ಹತ್ತು ದಿನ ಬಹಳ ಕಷ್ಟವಾಯಿತು. ಸುಮ್ನೆ ಕೂತಿದ್ದರೂ ಕೈ ಹಾಸಿಗೆಯ ಮೇಲೆ ಏನೋ ಹುಡುಕುತ್ತಿತ್ತು, ಬಾಯಿ ಕಥೆ ಹೇಳುತ್ತಿದ್ದರೂ ತಲೆ ನಾಳೆಯ ಶಿಫ್ಟಿನಲ್ಲಿ ಇರುತ್ತಿತ್ತು, ಮಗಳಿಗೂ ಅದು ಗೊತ್ತಾಗಿ ಅವಳು ನನ್ನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದಳು.

ಆಮೇಲೆ ಪುಸ್ತಕ ಬಿಟ್ಟು ಕಾಗಕ್ಕ ಗುಬ್ಬಕ್ಕನ ಕಥೆ ತೆಗೆದೆ. ಧಾರವಾಡದಲ್ಲಿ ಅಜ್ಜಿ ನನಗೆ ಹೇಳಿದ್ದು ಅದು. ಮಳೆಗೆ ಕಾಗಕ್ಕನ ಸಗಣಿ ಮನೆ ಕೊಚ್ಚಿ ಹೋಗುತ್ತೆ, ಅದು ಬಂದು ಗುಬ್ಬಕ್ಕನ ಬಾಗಿಲು ತಟ್ಟುತ್ತೆ. ಗುಬ್ಬಕ್ಕ ಒಳಗಿನಿಂದಲೇ "ತಡಿಯವ್ವಾ, ಕೂಸಿಗೆ ಎರೀಲಿಕ್ಕತ್ತೀನಿ" ಅನ್ನುತ್ತೆ. ಮತ್ತೆ ತಟ್ಟಿದರೆ ಹಾಲು ಕುಡಿಸೋದು, ಮತ್ತೆ ತಟ್ಟಿದರೆ ತೊಟ್ಟಿಲು ತೂಗೋದು. ಕಥೆಯ ಜೀವ ಇರುವುದೇ ಈ ಕಾಯುವುದರಲ್ಲಿ. ಇದನ್ನು ಒಂದು ನಿಮಿಷಕ್ಕೆ ಇಳಿಸಿದರೆ ಬಾಗಿಲು ತಟ್ಟಿತು, ತೆಗೆಯಿತು, ಮುಗಿಯಿತು! ಒಂದು ತಿಂಗಳಾಗುವಷ್ಟರಲ್ಲಿ ಮಗಳೇ ಗುಬ್ಬಕ್ಕನಾದಳು. ಕೂಸಿಗೆ ಯೂನಿಫಾರ್ಮ್ ಇಸ್ತ್ರಿ ಮಾಡಬೇಕು, ಕೂಸಿನ ಹೋಮ್‌ವರ್ಕ್ ನೋಡಬೇಕು, ಕೂಸಿಗೆ ಜಡೆ ಹಾಕಬೇಕು. ಒಂದು ರಾತ್ರಿ "ತಡಿ, ಕೂಸಿಗೆ ಸ್ಕೂಲಲ್ಲಿ ಯಾರೋ ಏನೋ ಅಂದಿದ್ದಾರೆ, ಸಮಾಧಾನ ಮಾಡ್ತಿದ್ದೀನಿ" ಅಂದಳು. ನಾನು ಕಾಗಕ್ಕನಾಗಿ ಬಾಗಿಲಾಚೆಯಿಂದಲೇ ಏನಾಯ್ತಂತೆ ಅಂತ ಕೇಳಿದೆ. ಅವಳು ಎಲ್ಲ ಹೇಳಿದಳು. ನೇರವಾಗಿ ಕೇಳಿದ್ದರೆ ಖಂಡಿತ ಹೇಳುತ್ತಿರಲಿಲ್ಲ. ಈಗ ಕಥೆಗೆ 25 ನಿಮಿಷ ಬೇಕು. ಕೆಲವು ದಿನ ಜಾಸ್ತಿ.

ಆನರೇ ಎಲ್ಲವನ್ನೂ ಆಮೆಯ ಹಾಗೆ ಮಾಡಿ ಅನ್ನುವುದಿಲ್ಲ. ಸಂಗೀತಗಾರರು ಬಳಸುವ 'ತೆಂಪೊ ಜುಸ್ತೊ' ಅನ್ನುವ ಇಟಾಲಿಯನ್ ಮಾತನ್ನು ಅವರು ತರುತ್ತಾರೆ, ಅಂದರೆ ಅದಕ್ಕೆ ತಕ್ಕ ಲಯ. ನನಗೆ ಇದು ಅಜ್ಜಿಯ 'ಸಾವಕಾಶ' ಅನ್ನುವ ಮಾತಿಗೆ ಹತ್ತಿರ ಅನ್ನಿಸಿತು. "ಸಾವಕಾಶ ಉಣ್ಣು" ಅನ್ನುತ್ತಿದ್ದಳು ಅವಳು. ಅಂದರೆ ತಡ ಮಾಡು ಅಂತಲ್ಲ, ಊಟಕ್ಕೆ ಜಾಗ ಕೊಡು ಅಂತ.

ಇದನ್ನು ಹಿಡಿದುಕೊಂಡೇ ಆಫೀಸಿಗೆ ಬಂದೆ. ಭೂಕಂಪ, ಪ್ರವಾಹದ ಸುದ್ದಿಯನ್ನು ಈಗಲೂ ಓಡಿ ಹಾಕುತ್ತೇನೆ, ಅದು ಓಡಬೇಕಾದದ್ದೇ. ಸಾವಿನ ಸುದ್ದಿ ಮಾತ್ರ ಮನೆಯವರದೋ ಆಸ್ಪತ್ರೆಯದೋ ಮಾತು ಬರದೆ ಹಾಕುವುದಿಲ್ಲ. ಹಲವು ಸಲ ನಾವು ಹಿಂದೆ ಬಿದ್ದಿದ್ದೇವೆ. ಇದಕ್ಕೆ ಸಂಪಾದಕರ ಜೊತೆ ಎರಡು ಸಲ ಜೋರು ಮಾತೂ ಆಗಿದೆ. ನಾನು ಬಿಟ್ಟುಕೊಟ್ಟಿಲ್ಲ. ಮೇಲ್ ನೋಡುವುದನ್ನು ದಿನಕ್ಕೆ ಮೂರು ಹೊತ್ತಿಗೆ ಇಳಿಸಿದ್ದೇನೆ, ಅದರಿಂದ ಯಾವ ತೊಂದರೆಯೂ ಆಗಿಲ್ಲ. ಆಫೀಸಿಗೆ ನಡೆದು ಹೋಗುವುದನ್ನೂ ಮಾಡಿ ನೋಡಿದೆ. ವಾಹನಗಳ ಹೊಗೆ ಕುಡಿದು ಕೆಮ್ಮು ಬಂತು, ವಾರಕ್ಕೇ ಬಿಟ್ಟೆ.

ಒಂದು ವಿಷಯ ನನ್ನನ್ನು ಕಾಡುತ್ತದೆ. ಈ ನಿಧಾನದ ಚಳವಳಿ ಹುಟ್ಟಿದ್ದು ಊಟದಿಂದ. 1986ರಲ್ಲಿ ರೋಮ್‌ನ ಸ್ಪ್ಯಾನಿಶ್ ಮೆಟ್ಟಿಲುಗಳ ಹತ್ತಿರ ಮೆಕ್‌ಡೊನಾಲ್ಡ್ಸ್ ಬಂದಾಗ ಇಟಲಿಯ ಪತ್ರಕರ್ತ ಕಾರ್ಲೊ ಪೆಟ್ರೀನಿ ಮತ್ತು ಜೊತೆಯವರು ವಿರೋಧಿಸಿದರು, ಫಾಸ್ಟ್ ಫುಡ್‌ಗೆ ಎದುರಾದ ಸ್ಲೋ ಫುಡ್ ಚಳವಳಿ ಬೆಳೆದದ್ದು ಅಲ್ಲಿಂದ. ಇಲ್ಲಿ ಆ್ಯಪಿನಲ್ಲಿ ಹೇಳಿದರೆ ನನ್ನ ಮನೆಗೆ ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತರುತ್ತಿದ್ದ ಹುಡುಗ ಮಳೆಯಲ್ಲಿ ಬೈಕ್ ಓಡಿಸುತ್ತಿದ್ದ. ನನ್ನ ಸಾವಕಾಶ ಅವನ ಓಟದ ಮೇಲೆ ನಿಂತರೆ ಅದು ಸಾವಕಾಶ ಅಲ್ಲ. ಆ ಆ್ಯಪ್ ತೆಗೆದುಹಾಕಿ ಎಂಟು ತಿಂಗಳಾಯಿತು. ಸೊಪ್ಪು ಬೆಳಗ್ಗೆ ತಳ್ಳುಗಾಡಿಯವರ ಹತ್ತಿರ ತರುತ್ತೇನೆ, ಮರೆತ ದಿನ ಕೊತ್ತಂಬರಿ ಇಲ್ಲದೆ ಸಾರು.

ನಿನ್ನೆ ರಾತ್ರಿ ಗುಬ್ಬಕ್ಕ ಕೂಸಿನ ಹಲ್ಲುಜ್ಜಿಸುತ್ತಿತ್ತು. ನಾನು ಇನ್ನೊಂದು ಸಲ ಬಾಗಿಲು ತಟ್ಟಿದೆ, ಒಳಗಿನಿಂದ ಉತ್ತರ ಬರಲಿಲ್ಲ. ನಿದ್ದೆ ಹೋಗಿದ್ದಳು.